ಉಂಡದ್ದು ಒಗ್ಗದಿರುವುದೇಕೆ?

“ಹಾಲು ಕುಡಿದರೆ ಹೊಟ್ಟೆ ಗುಡುಗುತ್ತದೆ.” “ಕಡಲೆಬೇಳೆ ತಿಂದ ದಿನ ವಾಯು ತುಂಬುತ್ತದೆ.” “ಬದನೆಕಾಯಿ ನಂಜು, ಬಿಟ್ಟು ಹತ್ತು ವರ್ಷವಾಯಿತು.” “ಗೋಧಿ ಚಪಾತಿ ಎದೆಯಲ್ಲಿಯೇ ನಿಂತಂತಾಗುತ್ತದೆ.” ನಮ್ಮ ಚಿಕಿತ್ಸಾಲಯದಲ್ಲಿ ಇಂಥ ಮಾತುಗಳನ್ನು ಕೇಳದ ದಿನವೇ ಇಲ್ಲ. ಪ್ರತಿಯೊಬ್ಬರೂ ಯಾವುದೋ ಒಂದು ಪದಾರ್ಥವನ್ನು ಅಪರಾಧಿಯೆಂದು ನಿಶ್ಚಯಿಸಿಕೊಂಡೇ ಬಂದಿರುತ್ತಾರೆ. ಕೆಲವೊಮ್ಮೆ ಆ ನಿಶ್ಚಯ ಸರಿಯಾಗಿಯೇ ಇರುತ್ತದೆ. ಆದರೆ ಅನೇಕ ಸಲ ದೋಷವಿರುವುದು ಪದಾರ್ಥದಲ್ಲಲ್ಲ. ಅದನ್ನು ಬೇಯಿಸಿದ ರೀತಿಯಲ್ಲಿ, ಉಂಡ ಪ್ರಮಾಣದಲ್ಲಿ, ಉಂಡ ಹೊತ್ತಿನಲ್ಲಿ, ಜೊತೆಗೆ ನುಂಗಿದ ಮಾತ್ರೆಯಲ್ಲಿ ಅಥವಾ ಶರೀರದೊಳಗೆ ಸದ್ದಿಲ್ಲದೆ ಬೆಳೆಯುತ್ತಿರುವ ಬೇರೊಂದು ರೋಗದಲ್ಲಿ.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಕಾರಣ ತಿಳಿಯದೆ ಆಹಾರ ಬಿಡುವುದಕ್ಕೆ ಕೊನೆಯೆಂಬುದಿಲ್ಲ. ಮೊದಲು ಹಾಲು ಹೋಗುತ್ತದೆ, ಆಮೇಲೆ ಬೇಳೆ, ಆಮೇಲೆ ಕಾಳು, ಶೇಂಗಾ. ಶಾಕಾಹಾರಿಗಳ ಮನೆಯಲ್ಲಿ ಮಾಂಸಖಂಡಗಳನ್ನು ಪೋಷಿಸುವ ಪದಾರ್ಥಗಳು ಇವೇ ಅಲ್ಲವೇ? ಬಿ12 ಎಂಬ ಜೀವಸತ್ವವಂತೂ ಶಾಕಾಹಾರಿಗಳಿಗೆ ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಗಳಿಂದಲೇ ದೊರೆಯಬೇಕು. ಇವನ್ನೆಲ್ಲ ಬಿಟ್ಟು ಅನ್ನ-ತಿಳಿಸಾರಿನ ಮೇಲೆ ವರ್ಷಗಟ್ಟಲೆ ಬದುಕುವ ಹಿರಿಯರು ಕೈಕಾಲು ಜೋಮು, ನಾಲಿಗೆಯ ಉರಿ, ರಕ್ತಹೀನತೆ, ನಡೆಯುವಾಗ ತೋಲ ತಪ್ಪುವುದು ಮೊದಲಾದ ತೊಂದರೆಗಳಿಗೆ ಒಳಗಾಗುತ್ತಾರೆ. ಹೊಟ್ಟೆಯ ತೊಂದರೆಯನ್ನು ತಪ್ಪಿಸಿಕೊಳ್ಳಲು ಹೋಗಿ ಇಡೀ ಶರೀರಕ್ಕೆ ತೊಂದರೆ ತಂದುಕೊಂಡಂತಾಗುತ್ತದೆ.

ಆಯುರ್ವೇದವು ಈ ವಿಷಯದಲ್ಲಿ ಬಹಳ ಎಚ್ಚರದಿಂದ ಮಾತನಾಡಿದೆ. ಒಂದು ಆಹಾರ ಹಿತವೋ ಅಹಿತವೋ ಎಂಬುದನ್ನು ಅದರ ಹೆಸರು ನೋಡಿ ಹೇಳಲಾಗದೆಂದು ಚರಕಸಂಹಿತೆಯ ವಿಮಾನಸ್ಥಾನವು ಎಂಟು ಸಂಗತಿಗಳನ್ನು ವಿಚಾರಿಸಲು ಹೇಳುತ್ತದೆ: ಪದಾರ್ಥದ ಪ್ರಕೃತಿ, ಅದಕ್ಕೆ ಮಾಡಿದ ಸಂಸ್ಕಾರ, ಜೊತೆಗೂಡಿದ ಪದಾರ್ಥ, ಪ್ರಮಾಣ, ದೇಶ, ಕಾಲ, ಉಣ್ಣುವ ಕ್ರಮ, ಉಣ್ಣುವ ವ್ಯಕ್ತಿ. ಅವರೆಕಾಳನ್ನೇ ತೆಗೆದುಕೊಳ್ಳಿ. ಸ್ವಭಾವದಿಂದ ಅದು ಗುರು, ಎಂದರೆ ಜೀರ್ಣಕ್ಕೆ ಭಾರ. ನೆನೆಯಿಟ್ಟು, ನೀರು ಚೆಲ್ಲಿ, ಮೆತ್ತಗೆ ಬೇಯಿಸಿ, ಇಂಗು-ಶುಂಠಿ ಕೂಡಿಸಿ, ಮಧ್ಯಾಹ್ನ ಹಸಿದಾಗ ಒಂದು ಸೌಟು ಉಂಡವರಿಗೆ ಅದು ಅನ್ನವೇ. ಅದನ್ನೇ ಅರೆಬೆಂದ ಹುಳಿಯಾಗಿ, ರಾತ್ರಿ ಹತ್ತು ಗಂಟೆಗೆ, ಮಧ್ಯಾಹ್ನದ ಊಟ ಇನ್ನೂ ಕರಗದಿರುವಾಗ ಎರಡು ಬಟ್ಟಲು ಉಂಡರೆ ಅದು ವ್ಯಾಧಿ. ಕಾಳು ಎರಡೂ ಕಡೆ ಒಂದೇ.

ಅಜೀರ್ಣವೂ ಒಂದೇ ಬಗೆಯದಲ್ಲ. ಮೈಭಾರವಾಗಿ, ಬಾಯಲ್ಲಿ ನೀರೂರಿ, ತಿಂದ ಅನ್ನದ ವಾಸನೆಯ ತೇಗು ಬಂದರೆ ಆಮಾಜೀರ್ಣ. ಎದೆಯುರಿ, ಹುಳಿತೇಗು, ಬಾಯಾರಿಕೆಗಳಿದ್ದರೆ ವಿದಗ್ಧಾಜೀರ್ಣ. ಹೊಟ್ಟೆಯುಬ್ಬರ, ಶೂಲೆ, ವಾಯುವಿನ ತಡೆ ಇದ್ದರೆ ವಿಷ್ಟಬ್ಧಾಜೀರ್ಣ. ತೇಗು ಶುದ್ಧವಾಗಿದ್ದರೂ ಅನ್ನದ ಮೇಲೆ ಮನಸ್ಸಾಗದಿದ್ದರೆ ರಸಶೇಷಾಜೀರ್ಣವೆಂದು ಸುಶ್ರುತರು ಹೇಳುತ್ತಾರೆ. ಆದ್ದರಿಂದ “ನನಗೆ ಗ್ಯಾಸ್” ಎಂಬ ಒಂದೇ ಮಾತಿನಿಂದ ವೈದ್ಯನಿಗೆ ಏನೂ ತಿಳಿಯುವುದಿಲ್ಲ. ಈಚೆಗೆ ಈ ಒಂದು ಶಬ್ದ ಹಳ್ಳಿಯಿಂದ ದಿಲ್ಲಿಯವರೆಗೆ ಎಲ್ಲ ಹೊಟ್ಟೆನೋವುಗಳ ಹೆಸರನ್ನೂ ನುಂಗಿಹಾಕಿದೆ.

ನಾವು ರೋಗಿಗಳನ್ನು ಮೊದಲು ಕೇಳುವುದು ಏನು ತಿಂದಿರಿ ಎಂದಲ್ಲ. ತಿಂದ ಎಷ್ಟು ಹೊತ್ತಿಗೆ ತೊಂದರೆಯಾಯಿತು ಎಂದು. ಕಾಲವೇ ಅರ್ಧ ಉತ್ತರ ಹೇಳುತ್ತದೆ.

ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ತಾಸಿನೊಳಗೆ, ತುಟಿ-ನಾಲಿಗೆ ಊದಿಕೊಂಡು, ಮೈಮೇಲೆ ದದ್ದು ಎದ್ದು, ವಾಂತಿಯಾಗಿ, ಉಸಿರು ಸಿಕ್ಕಿಕೊಂಡರೆ ಅದು ನಿಜವಾದ ಅಲರ್ಜಿ. ಶೇಂಗಾ, ಗೋಡಂಬಿ, ಎಳ್ಳು, ಹಾಲು, ಗೋಧಿ ಮುಂತಾದವುಗಳಿಂದ ಇದು ಆಗಬಹುದು. ಇಲ್ಲಿ ಪ್ರಮಾಣದ ಮಾತೇ ಇಲ್ಲ, ಚಿಟಿಕೆಯಷ್ಟೂ ಅಪಾಯವೇ. ಇಂಥ ಸಮಯದಲ್ಲಿ ಮನೆಮದ್ದು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಪ್ರಾಣ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು, ಕಷಾಯವಲ್ಲ. ಆದರೆ ಹೊಟ್ಟೆಯುಬ್ಬರ ಮಾತ್ರ ಆಗುವವರು ತಮಗೆ ಅಲರ್ಜಿ ಇದೆಯೆಂದು ತಿಳಿಯಬೇಕಾಗಿಲ್ಲ. ಅವರದು ಬಹುಮಟ್ಟಿಗೆ ಅಸಹಿಷ್ಣುತೆ. ಅದರಲ್ಲಿ ಸ್ವಲ್ಪ ತಿಂದರೆ ಸಹನೆಯಾಗುತ್ತದೆ, ಹೆಚ್ಚು ತಿಂದರೆ ಆಗುವುದಿಲ್ಲ.

ಅಂಥ ಅಸಹಿಷ್ಣುತೆಗೆ ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ ಹಾಲು. ಹಾಲಿನ ಸಿಹಿಗೆ ಕಾರಣವಾದ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಸಣ್ಣಕರುಳಿನ ಒಳಗೋಡೆಯಲ್ಲಿ ಹುಟ್ಟುತ್ತದೆ. ಹಸುಗೂಸಿನಲ್ಲಿ ಇದು ಹೇರಳ. ತಾಯಿಹಾಲು ಬಿಟ್ಟ ಬಳಿಕ ಜಗತ್ತಿನ ಬಹುಪಾಲು ಜನರಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ವಾಯವ್ಯ ಭಾರತದವರಿಗಿಂತ ನಮ್ಮ ದಕ್ಷಿಣದವರಲ್ಲಿ ಹೀಗೆ ಕಡಿಮೆಯಾಗುವುದು ಹೆಚ್ಚು. ಆದ್ದರಿಂದ ಇದನ್ನು ರೋಗವೆನ್ನುವುದಕ್ಕಿಂತ ಪ್ರಕೃತಿಯ ಒಂದು ಬಗೆ ಎನ್ನುವುದೇ ಸರಿ. ಒಡೆಯದೆ ಉಳಿದ ಸಕ್ಕರೆ ದೊಡ್ಡಕರುಳಿಗೆ ಇಳಿದಾಗ ಅಲ್ಲಿಯ ಸೂಕ್ಷ್ಮಾಣುಗಳು ಅದನ್ನು ಹುಳಿಯಿಸಿ ವಾಯುವನ್ನು ಉತ್ಪತ್ತಿ ಮಾಡುತ್ತವೆ. ಸಕ್ಕರೆ ತನ್ನೊಡನೆ ನೀರನ್ನೂ ಸೆಳೆದುಕೊಳ್ಳುತ್ತದೆ. ಕುಡಿದ ಅರ್ಧ ಗಂಟೆಯಿಂದ ಎರಡು-ಮೂರು ಗಂಟೆಯೊಳಗೆ ಹೊಟ್ಟೆ ಗುಡುಗುವುದು, ಉಬ್ಬುವುದು, ನೀರಾಗಿ ಭೇದಿಯಾಗುವುದು ಈ ಕಾರಣದಿಂದ.

ಹಾಗೆಂದು ಹಾಲನ್ನು ಪೂರ್ತಿ ತೊರೆಯಬೇಕಾಗಿಲ್ಲ. 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 9ರಿಂದ 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಕಿಣ್ವ ಕಡಿಮೆಯಿರುವವರಲ್ಲಿಯೂ ಬಹಳ ಜನ ಒಂದು ಸಲಕ್ಕೆ ಇಷ್ಟನ್ನು, ಅದರಲ್ಲೂ ಊಟದ ಜೊತೆಗೆ, ಸಹಿಸಬಲ್ಲರು. ಬರಿಹೊಟ್ಟೆಯಲ್ಲಿ ದೊಡ್ಡ ಲೋಟ ಹಾಲು ಕುಡಿದಾಗಲೇ ತೊಂದರೆ. ಮೊಸರಿನಲ್ಲಿ ಹೆಪ್ಪಿನ ಸೂಕ್ಷ್ಮಾಣುಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಆಗಲೇ ತಿಂದಿರುತ್ತವೆ, ಉಳಿದುದನ್ನು ಒಡೆಯಲು ಕರುಳಿನಲ್ಲಿಯೂ ನೆರವಾಗುತ್ತವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಗ್ರಹಣಿ ರೋಗದಲ್ಲಿ ಚರಕರು ತಕ್ರವನ್ನು, ಎಂದರೆ ಮಜ್ಜಿಗೆಯನ್ನು, ಅಷ್ಟೊಂದು ಕೊಂಡಾಡಿರುವುದು ಈ ದೃಷ್ಟಿಯಿಂದಲೂ ಅರ್ಥಪೂರ್ಣವಾಗಿದೆ. ಬೆಣ್ಣೆ ತೆಗೆದ ತಾಜಾ ಮಜ್ಜಿಗೆಗೆ ಹುರಿದ ಜೀರಿಗೆಯ ಪುಡಿ, ತುಸು ಶುಂಠಿ ಬೆರೆಸಿ ಮಧ್ಯಾಹ್ನದ ಊಟದ ಕೊನೆಗೆ ಕುಡಿಯುವುದು ಹಾಲು ಒಗ್ಗದವರಿಗೆ ನಾವು ಹೇಳುವ ಮೊದಲ ಉಪಾಯ.

ಇಲ್ಲಿ ಇನ್ನೊಂದು ಮಾತು. “ಹಾಲು ಆಗುವುದಿಲ್ಲ” ಎನ್ನುವ ಕೆಲವರು ಪೇಡೆ, ಬಾಸುಂದಿಗಳನ್ನು ಯೋಚಿಸದೆ ತಿನ್ನುತ್ತಾರೆ. ಖೋವಾ ಎಂದರೆ ನೀರು ಆರಿಸಿದ ಹಾಲು. ಒಂದು ಕಿಲೋ ಖೋವಾಕ್ಕೆ ಸುಮಾರು ಐದು ಲೀಟರ್ ಹಾಲು ಬೇಕು. ಆ ಹಾಲಿನ ಲ್ಯಾಕ್ಟೋಸ್ ಎಲ್ಲಿಗೂ ಹೋಗಿರುವುದಿಲ್ಲ. ಜಾತ್ರೆಯಲ್ಲಿ ನಾಲ್ಕು ಪೇಡೆ ತಿಂದು ರಾತ್ರಿ ಹೊಟ್ಟೆ ಕೆಟ್ಟರೆ ಭಜಿಯನ್ನು ದೂರುವುದು ಅನ್ಯಾಯ.

ಮಕ್ಕಳ ವಿಷಯ ಬೇರೆ. ಜೋರಾಗಿ ಭೇದಿಯಾದ ಬಳಿಕ ಕರುಳಿನ ಒಳಪದರ ಸವೆದು ಕೆಲವು ದಿನ, ಕೆಲವೊಮ್ಮೆ ಒಂದೆರಡು ವಾರ, ಹಾಲು ಜೀರ್ಣಿಸುವ ಶಕ್ತಿ ಕುಗ್ಗಿರುತ್ತದೆ. ಅದು ತಾತ್ಕಾಲಿಕ. ಆ ನೆಪದಿಂದ ತಾಯಿಹಾಲನ್ನು ಎಂದಿಗೂ ನಿಲ್ಲಿಸಬಾರದು, ದೊಡ್ಡ ಮಗುವಿಗೆ “ಹಾಲು ಒಗ್ಗದ ಮಗು” ಎಂಬ ಹೆಸರನ್ನು ಆಜನ್ಮ ಅಂಟಿಸಲೂಬಾರದು.

ಹಾಲಿನಿಂದ ಕಾಳುಗಳ ಕಡೆಗೆ ಬರೋಣ. ಕಡಲೆ, ಅವರೆ, ಅಲಸಂದೆ, ಮಡಕೆ, ಹುರುಳಿಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವುಗಳನ್ನು ಒಡೆಯುವ ಕಿಣ್ವ ಮನುಷ್ಯಜಾತಿಯಲ್ಲಿ ಯಾರಿಗೂ ಇಲ್ಲ. ಆದ್ದರಿಂದ ಕಾಳು ಉಂಡ ಹಲವು ಗಂಟೆಗಳ ಮೇಲೆ, ಅದು ದೊಡ್ಡಕರುಳು ತಲುಪಿದಾಗ, ಎಲ್ಲರಿಗೂ ಅಷ್ಟಿಷ್ಟು ವಾಯು ಹುಟ್ಟಿಯೇ ಹುಟ್ಟುತ್ತದೆ. ಅದು ಆರೋಗ್ಯದ ಲಕ್ಷಣವೇ ಹೊರತು ವಿಕಾರವಲ್ಲ. ಕೆಲವರ ಕರುಳು ಆ ಹಿಗ್ಗುವಿಕೆಯನ್ನು ನೋವಾಗಿ ಗ್ರಹಿಸುತ್ತದೆ, ಅವರಿಗೆ ಮಾತ್ರ ಕಷ್ಟ.

ಪರಿಹಾರ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕಾಳನ್ನು ಎಂಟು-ಹತ್ತು ಗಂಟೆ ನೆನೆಸಬೇಕು. ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು. ಈ ಸಕ್ಕರೆಗಳಲ್ಲಿ ಒಂದು ಪಾಲು ಆ ನೀರಿನೊಡನೆಯೇ ಹೊರಟುಹೋಗುತ್ತದೆ. ಮೊಳಕೆ ಬರಿಸಿದರೆ ಬೀಜವೇ ಅವುಗಳನ್ನು ತನ್ನ ಬೆಳವಣಿಗೆಗೆ ಬಳಸಿಕೊಳ್ಳುವುದರಿಂದ ಇನ್ನೂ ಕಡಿಮೆಯಾಗುತ್ತವೆ. ಆದರೆ ಮೊಳಕೆಕಾಳನ್ನು ಹಸಿಯಾಗಿಯೇ ಬಟ್ಟಲುಗಟ್ಟಲೆ ತಿನ್ನುವ ಈಗಿನ ರೂಢಿಯನ್ನು ನಾವು ಒಪ್ಪುವುದಿಲ್ಲ. ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆಗೆ ರೋಗಾಣುಗಳೂ ಬೆಳೆಯಬಲ್ಲವು. ಹದವಾಗಿ ಬೇಯಿಸಿ ಉಸುಳಿ ಮಾಡಿಕೊಳ್ಳುವುದು ಲೇಸು. ರಾಜ್ಮಾ ಎಂಬ ಕೆಂಪು ಹುರುಳಿಕಾಯಿಯ ಬೀಜವನ್ನಂತೂ ಅರೆಬೇಯಿಸಿ ಉಣ್ಣಲೇಬಾರದು. ಅದರಲ್ಲಿರುವ ವಿಷಾಂಶವು ಚೆನ್ನಾಗಿ ಕುದಿಸಿದಾಗ ಮಾತ್ರ ನಾಶವಾಗುತ್ತದೆ, ಇಲ್ಲವಾದರೆ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ ತರಿಸುತ್ತದೆ. ಇನ್ನು ಕಾಳು ಬಿಟ್ಟು ಬಹುಕಾಲವಾದವರು ಹೆಸರುಬೇಳೆಯಿಂದ, ಎರಡು ಚಮಚದಿಂದ ಆರಂಭಿಸಬೇಕು. ನಿತ್ಯ ಸ್ವಲ್ಪ ಸ್ವಲ್ಪ ಉಣ್ಣುತ್ತ ಹೋದರೆ ಕೆಲವು ವಾರಗಳಲ್ಲಿ ಬಹಳ ಜನರ ಕರುಳು ಹೊಂದಿಕೊಳ್ಳುತ್ತದೆ. ಆಯುರ್ವೇದದ ಓಕಸಾತ್ಮ್ಯ, ಎಂದರೆ ಅಭ್ಯಾಸದಿಂದ ಒಗ್ಗಿಸಿಕೊಳ್ಳುವುದು, ಇದೇ. ಊಟದ ಮೊದಲ ತುತ್ತಿನಲ್ಲಿ ತುಪ್ಪದೊಡನೆ ಅರ್ಧ ಚಮಚ ಹಿಂಗ್ವಾಷ್ಟಕ ಚೂರ್ಣವೂ ಸಹಾಯಕ. ಅದರಲ್ಲಿ ಸೈಂಧವ ಲವಣವಿರುವುದರಿಂದ ರಕ್ತದೊತ್ತಡದವರು, ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಗೋಧಿಯ ಬಗ್ಗೆ ಸಂಕ್ಷೇಪವಾಗಿ ಹೇಳುವೆವು. ಜೋಳದ ರೊಟ್ಟಿ ಉಂಡರೆ ಹಗುರ, ಚಪಾತಿ ಉಂಡರೆ ಉಬ್ಬರ ಎನ್ನುವವರ ಅನುಭವ ಸುಳ್ಳಲ್ಲ. ಗೋಧಿ, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್ ಎಂಬ ಅಂಶವೂ ಕಾಳಿನ ಸಕ್ಕರೆಗಳಂತೆ ಜೀರ್ಣವಾಗದೆ ಹುಳಿಯುತ್ತದೆ. ಆದರೆ ಸೀಲಿಯಾಕ್ ಎಂಬುದು ಇದಕ್ಕಿಂತ ಗಂಭೀರವಾದ ರೋಗ. ಅದರಲ್ಲಿ ಗೋಧಿಯ ಗ್ಲುಟೆನ್‌ನಿಂದಾಗಿ ಶರೀರದ ರಕ್ಷಣಾವ್ಯವಸ್ಥೆಯೇ ಸಣ್ಣಕರುಳನ್ನು ಹಾಳುಗೆಡಹುತ್ತದೆ. ಉತ್ತರ ಭಾರತದಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಗು ಎತ್ತರ ಬೆಳೆಯುತ್ತಿಲ್ಲ, ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತ ಏರುತ್ತಿಲ್ಲ, ಪದೇ ಪದೇ ಭೇದಿ ಎಂದಾದರೆ ರಕ್ತಪರೀಕ್ಷೆ ಮಾಡಿಸಬೇಕು. ಗಮನಿಸಿ: ಪರೀಕ್ಷೆಗೆ ಮುನ್ನ ಗೋಧಿ ನಿಲ್ಲಿಸಬಾರದು, ನಿಲ್ಲಿಸಿದರೆ ಪರೀಕ್ಷೆ ಸುಳ್ಳು ಹೇಳಬಹುದು. ರೋಗ ಖಚಿತವಾದವರು ಜೋಳ, ರಾಗಿ, ಸಜ್ಜೆ, ನವಣೆ ಉಣ್ಣಬಹುದು. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೆ ಫಲವಿಲ್ಲ. ಅಂಗಡಿಯ ಇಂಗಿನಲ್ಲಿಯೂ ಅನೇಕ ಸಲ ಗೋಧಿಹಿಟ್ಟು ಬೆರೆತಿರುತ್ತದೆ.

ಈಗ ಎಣ್ಣೆ-ತುಪ್ಪದ ಪದಾರ್ಥಗಳು. ಕೆಲವು ವರ್ಷಗಳ ಹಿಂದೆ ಅರವತ್ತು ದಾಟಿದ ತಾಯಿಯೊಬ್ಬರನ್ನು ಮಗ ಕರೆತಂದಿದ್ದರು. ಹೋಳಿಗೆ ತಿಂದಾಗ ನೋವು ಬಂತೆಂದು ಕಡಲೆಬೇಳೆ ಬಿಟ್ಟಿದ್ದರು. ಎಣ್ಣೆಗಾಯಿ ತಿಂದಾಗ ಬಂತೆಂದು ಬದನೆ ಬಿಟ್ಟಿದ್ದರು. ಶೇಂಗಾಚಟ್ನಿ, ಹಾಲಿನ ಕೆನೆ, ಕೊನೆಗೆ ರೊಟ್ಟಿಯೂ ಹೋಗಿ, ಮೂರು ವರ್ಷದಲ್ಲಿ ಗಂಜಿ ಒಂದೇ ಉಳಿದಿತ್ತು. ಸೀರೆಯ ನೆರಿಗೆ ನಿಲ್ಲದಷ್ಟು ಇಳಿದಿದ್ದರು. ಅವರು ಬಿಟ್ಟ ಪದಾರ್ಥಗಳ ಪಟ್ಟಿಯನ್ನು ಕೇಳುತ್ತಿದ್ದಂತೆ ಒಂದು ಸಂಗತಿ ಎದ್ದು ಕಾಣುತ್ತಿತ್ತು: ಬದನೆಗೂ ಹೋಳಿಗೆಗೂ ಕೆನೆಗೂ ಸಮಾನವಾದುದು ಜಿಡ್ಡು. ನೋವು ಬರುತ್ತಿದ್ದುದು ಬಲಪಕ್ಕೆಲುಬಿನ ಕೆಳಗೆ. ಬೆನ್ನಿಗೂ ಬಲಭುಜಕ್ಕೂ ಹರಿದು, ಗಂಟೆಗಟ್ಟಲೆ ನಿಂತು, ಅನಂತರ ತಾನೇ ಇಳಿಯುತ್ತಿತ್ತು. ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು.

ಜಿಡ್ಡು ಕರುಳಿಗೆ ಬಂದೊಡನೆ ಪಿತ್ತಕೋಶವು ಸಂಕುಚಿಸಿ ಪಿತ್ತರಸವನ್ನು ಹೊರದೂಡಬೇಕು. ಆಗ ಕಲ್ಲು ಬಾಯಿಗೆ ಅಡ್ಡ ಬಂದರೆ ಈ ಶೂಲೆ ಉಂಟಾಗುತ್ತದೆ. ಜ್ವರ, ಕಣ್ಣು ಹಳದಿಯಾಗುವುದು, ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಇರಿಯುವ ನೋವು ಜೊತೆಗೂಡಿದರೆ ವಿಳಂಬ ಸಲ್ಲದು. ಕಲ್ಲು ಪಿತ್ತನಾಳಕ್ಕೆ ಇಳಿದು ಮೇದೋಜೀರಕ ಗ್ರಂಥಿಗೂ ಬೇನೆ ತಂದಿರಬಹುದು. ಪಿತ್ತಕೋಶದ ಕಲ್ಲು ಮೂತ್ರದ ಕಲ್ಲಿನಂತೆ ಕಷಾಯ ಕುಡಿದು ಇಳಿಸುವಂಥದಲ್ಲ. ಪದೇ ಪದೇ ನೋವು ಬರುವವರನ್ನು ನಾವು ಶಸ್ತ್ರಚಿಕಿತ್ಸಕರ ಬಳಿಗೇ ಕಳುಹಿಸುತ್ತೇವೆ. ಆ ತಾಯಿಗೂ ಹಾಗೆಯೇ ಮಾಡಿದೆವು. ಶಸ್ತ್ರಕ್ರಿಯೆಯಾಗಿ ಎರಡು ತಿಂಗಳ ಮೇಲೆ ಅವರು ಬದನೆಕಾಯಿ ಉಣ್ಣತೊಡಗಿದರು.

ಖಾರದ ಬಗ್ಗೆ ಜನರಲ್ಲಿರುವ ನಂಬಿಕೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಮೆಣಸಿನಕಾಯಿಯಿಂದ ಹೊಟ್ಟೆಯಲ್ಲಿ ಹುಣ್ಣಾಗುತ್ತದೆಂದು ವೈದ್ಯರೂ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವೇ ಬಹುಪಾಲು ಹುಣ್ಣುಗಳಿಗೆ ಕಾರಣವೆಂದು ತೋರಿಸಿದರು. ಜಗತ್ತು ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ರೋಗಾಣುವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು. ಖಾರ ಹುಣ್ಣನ್ನು ಹುಟ್ಟಿಸುವುದಿಲ್ಲ. ಇರುವ ಹುಣ್ಣನ್ನು, ಇರುವ ಉರಿಯನ್ನು ಕೆರಳಿಸುತ್ತದೆ. ಆದ್ದರಿಂದ ಮಿರ್ಚಿ ಭಜಿ ತಿಂದು ಉರಿಯಾದವರು ಭಜಿಯನ್ನು ಶಪಿಸಿ ಸುಮ್ಮನಾಗದೆ, ಉರಿ ಏಕೆ ಸಿದ್ಧವಾಗಿತ್ತೆಂದು ವಿಚಾರಿಸಬೇಕು.

ಎದೆಯುರಿಗೆ ಪದಾರ್ಥಕ್ಕಿಂತ ಭಂಗಿ ಕಾರಣವಾಗುವುದೂ ಉಂಟು. ರಾತ್ರಿ ಹತ್ತಕ್ಕೆ ಹೊಟ್ಟೆತುಂಬ ಉಂಡು ಹತ್ತೂವರೆಗೆ ಮಲಗಿದರೆ ಜಠರದ ಹುಳಿ ಅನ್ನನಾಳಕ್ಕೆ ಏರದೆ ಏನಾದೀತು? ಊಟಕ್ಕೂ ಹಾಸಿಗೆಗೂ ಎರಡು-ಮೂರು ಗಂಟೆ ಅಂತರವಿರಲಿ. ಮಂಚದ ತಲೆಯ ಭಾಗವನ್ನು ಇಟ್ಟಿಗೆಯಿಟ್ಟು ಎತ್ತರಿಸಿ, ಎಡಮಗ್ಗುಲಾಗಿ ಮಲಗುವುದು ಹಿತ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ ಕೊಟ್ಟು, ಒಂದನ್ನು ವಾಯುವಿಗೆ ಬಿಡಬೇಕೆಂಬ ವಾಗ್ಭಟರ ಮಾತನ್ನು ಪಾಲಿಸಿದವರಿಗೆ ಮಾತ್ರೆಯ ಅಗತ್ಯವೇ ಬಹಳ ಸಲ ಬೀಳುವುದಿಲ್ಲ. ತಂಬಾಕು-ಗುಟ್ಕಾಗಳನ್ನು ಬಿಡದೆ ಎದೆಯುರಿಗೆ ಔಷಧ ಕೇಳುವವರೊಡನೆ ನಾವು ಹೆಚ್ಚು ವಾದಿಸುವುದಿಲ್ಲ.

ಇಲ್ಲಿಯೇ ಅತ್ಯಂತ ಮುಖ್ಯವಾದ ಎಚ್ಚರಿಕೆಯೊಂದನ್ನು ಹೇಳಬೇಕಾಗಿದೆ. ಊಟದ ಬಳಿಕ ಎದೆಗುಂಡಿಗೆಯಲ್ಲಿ ಹಿಂಡಿದಂತಾಗಿ, ಬೆವರಿಳಿದು, ದವಡೆಗೆ, ಎಡಗೈಗೆ ಅಥವಾ ಬೆನ್ನಿಗೆ ನೋವು ಹರಿದರೆ, ಏದುಸಿರು ಬಂದರೆ, ಅದನ್ನು ವಾಯುವೆಂದು ತಿಳಿದು ಸೋಡಾ ಕುಡಿಸಿ ಮಲಗಿಸಬೇಡಿ. ಅದು ಹೃದಯಾಘಾತವಾಗಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವೃದ್ಧರಲ್ಲಿ ಎದೆನೋವೇ ಇಲ್ಲದೆ ಬರೀ ಅಜೀರ್ಣದಂತೆ, ವಾಕರಿಕೆಯಂತೆ ಅದು ತೋರಬಹುದು. ಬೆಳಗಾಗುವವರೆಗೆ ನೋಡೋಣ ಎಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಇಸಿಜಿ ಸರಿಯಾಗಿದ್ದು ವಾಯುವೇ ಎಂದು ತಿಳಿದರೆ ನಷ್ಟವೇನೂ ಇಲ್ಲ.

ಕೆಟ್ಟ ಆಹಾರದಿಂದ ಆಗುವ ತೊಂದರೆಯನ್ನು ಜನ ಸುಲಭವಾಗಿ ಗುರುತಿಸುತ್ತಾರೆ, ಏಕೆಂದರೆ ಒಂದೇ ಪಂಕ್ತಿಯಲ್ಲಿ ಉಂಡ ಹಲವರು ಒಟ್ಟಿಗೆ ಮಲಗುತ್ತಾರೆ. ಆದರೆ ಒಂದು ತಪ್ಪು ತಿಳಿವಳಿಕೆ ಉಳಿದಿದೆ, “ಮತ್ತೆ ಕುದಿಸಿದರೆ ಎಲ್ಲ ಸರಿ” ಎಂಬುದು. ಅಕ್ಕಿಯಲ್ಲಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಗಳು ಕುದಿಯುವಾಗಲೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಗಂಟೆಗಟ್ಟಲೆ ಇದ್ದಾಗ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷವು ಮರುದಿನ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದರೆ ನಾಶವಾಗುವುದಿಲ್ಲ. ಅಡುಗೆಯವರ ಕೈಗಾಯದಿಂದ ಸಿಹಿಪದಾರ್ಥಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್‌ನ ವಿಷವೂ ಹಾಗೆಯೇ. ಇವೆರಡರಲ್ಲೂ ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ದಾಸೋಹಕ್ಕೆ, ಮದುವೆಗೆ ದೊಡ್ಡ ಕೊಪ್ಪರಿಗೆಯಲ್ಲಿ ಅನ್ನ ಮಾಡುವ ಸದ್ಭಕ್ತರು ಒಂದೇ ಸಲಕ್ಕೆ ಬೇಯಿಸಿ ಮುಚ್ಚಿಡುವುದಕ್ಕಿಂತ ಪಂಕ್ತಿಗೆ ತಕ್ಕಂತೆ ಎರಡು-ಮೂರು ಕಂತುಗಳಲ್ಲಿ ಬೇಯಿಸುವುದು ಮೇಲು. ಕೈಯಲ್ಲಿ ಹುಣ್ಣು-ಗಾಯವಿರುವವರು ಆ ದಿನ ಬೇರೆ ಸೇವೆ ಮಾಡಲಿ.

ಔಷಧಗಳನ್ನೂ ಮರೆಯಬಾರದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಆರಂಭದಲ್ಲಿ ಹಲವರಿಗೆ ಉಬ್ಬರ, ಭೇದಿ ತರುತ್ತದೆ. ಊಟದೊಡನೆ ತೆಗೆದುಕೊಂಡರೆ ಕಡಿಮೆ. ಬಹುವರ್ಷ ಸೇವಿಸಿದವರಲ್ಲಿ ಅದು ಬಿ12 ಅನ್ನೂ ಇಳಿಸುತ್ತದೆ. ಜೊತೆಗೆ ಹಾಲನ್ನೂ ಬಿಟ್ಟಿದ್ದರೆ ಎರಡು ಕಡೆಯಿಂದಲೂ ನಷ್ಟ. ಕಬ್ಬಿಣದ ಮಾತ್ರೆ ಮಲಬದ್ಧತೆ ತರುತ್ತದೆ. ಸಕ್ಕರೆರಹಿತ ಮಿಠಾಯಿ, ಬಿಸ್ಕತ್ತುಗಳಲ್ಲಿ ಬಳಸುವ ಸಾರ್ಬಿಟಾಲ್, ಮಾಲ್ಟಿಟಾಲ್‌ಗಳು ಹೆಚ್ಚಾದರೆ ಭೇದಿಯಾಗುತ್ತದೆ. ನಮ್ಮ ಆಯುರ್ವೇದದ ಹೆಸರಿನಲ್ಲಿ ಮಾರುವ ಚೂರ್ಣಗಳೂ ನಿರ್ದೋಷಿಗಳಲ್ಲ: ಸೋನಾಮುಖಿ ಸೇರಿದ ಭೇದಿಯ ಪುಡಿಯನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನೆಕ್ಕುವವರ ಹೊಟ್ಟೆನುಲಿತಕ್ಕೆ ಆಹಾರವನ್ನು ದೂರಿ ಪ್ರಯೋಜನವಿಲ್ಲ.

ಹಾಗಾದರೆ ತಮಗೆ ಒಗ್ಗದಿರುವುದು ಯಾವುದೆಂದು ಕಂಡುಕೊಳ್ಳುವುದು ಹೇಗೆ? ಒಂದು ನೋಟುಪುಸ್ತಕ ಸಾಕು. ಎರಡು ವಾರ ಏನು ಉಂಡಿರಿ, ಎಷ್ಟು, ಎಷ್ಟು ಗಂಟೆಗೆ, ತೊಂದರೆ ಯಾವಾಗ, ಎಲ್ಲಿ, ಯಾವ ಬಗೆಯದು, ಆ ದಿನ ನಿದ್ರೆ-ಚಿಂತೆ ಹೇಗಿತ್ತು ಎಂದು ಬರೆದಿಡಿ. ಚಿಂತೆಯನ್ನು ಬರೆಯಲು ಹೇಳುವುದು ಕಾರಣವಿಲ್ಲದೆ ಅಲ್ಲ. ಮಿದುಳಿಗೂ ಕರುಳಿಗೂ ನರಗಳ ನೇರ ಸಂಬಂಧವಿದೆ. ಪರೀಕ್ಷೆ, ಸಾಲ, ಮನೆಜಗಳಗಳ ದಿನಗಳಲ್ಲಿ ಅದೇ ಊಟ ಬೇರೆ ರೀತಿ ನಡೆದುಕೊಳ್ಳುತ್ತದೆ. ಅನುಮಾನ ಬಂದ ಒಂದೇ ಪದಾರ್ಥವನ್ನು ಎರಡು-ಮೂರು ವಾರ ಬಿಡಿ. ಆಮೇಲೆ ಸ್ವಲ್ಪ ಪ್ರಮಾಣದಲ್ಲಿ ಮತ್ತೆ ಉಂಡು ನೋಡಿ. ಬಿಟ್ಟಾಗ ಹೋಗಿ, ಉಂಡಾಗ ಮರಳಿ ಬಂದರೆ ಮಾತ್ರ ಅದು ಕಾರಣ. ಬಿಟ್ಟು ನೋಡುವವರು ಬಹಳ, ಮತ್ತೆ ಉಂಡು ನೋಡುವವರು ವಿರಳ. ಪಟ್ಟಿ ಬೆಳೆಯುವುದು ಇದರಿಂದಲೇ. ಅಲರ್ಜಿಯ ಲಕ್ಷಣ ಕಂಡವರು ಮಾತ್ರ ಈ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬಾರದು. ಒಂದು ಹನಿ ರಕ್ತದಲ್ಲಿ ನೂರಾರು ಆಹಾರಗಳ ಅಸಹಿಷ್ಣುತೆ ಹೇಳುವೆವೆಂದು ಸಾವಿರಾರು ರೂಪಾಯಿ ಪಡೆಯುವ ಐಜಿಜಿ ಪರೀಕ್ಷೆಗಳನ್ನು ಅಲರ್ಜಿ ತಜ್ಞರು ಒಪ್ಪುವುದಿಲ್ಲ. ಅವು ನೀವು ಏನು ಉಂಡಿದ್ದೀರೆಂದು ತೋರಿಸುತ್ತವೆಯೇ ಹೊರತು ಏನು ಒಗ್ಗದೆಂದು ಅಲ್ಲ.

ನೋಟುಪುಸ್ತಕ ಬರೆಯುತ್ತ ಕೂರದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳಿವೆ. ಪ್ರಯತ್ನಿಸದೆ ತೂಕ ಇಳಿಯುತ್ತಿದ್ದರೆ, ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ನೋವು ಅಥವಾ ಭೇದಿ ನಿದ್ರೆಯಿಂದ ಎಬ್ಬಿಸುತ್ತಿದ್ದರೆ, ರಕ್ತಹೀನತೆ ಇದ್ದರೆ ತಡಮಾಡಬಾರದು. ಐವತ್ತು ದಾಟಿದ ಮೇಲೆ ಮೊಟ್ಟಮೊದಲ ಬಾರಿಗೆ ಅಜೀರ್ಣ ಶುರುವಾಗಿ ಕೆಲವು ವಾರ ಕಳೆದರೂ ಹೋಗದಿದ್ದರೆ ಅದಕ್ಕೂ ಎಂಡೋಸ್ಕೋಪಿ ಬೇಕಾಗಬಹುದು. ಅನ್ನನಾಳ, ಜಠರ, ಕರುಳುಗಳ ಅರ್ಬುದ ರೋಗವು ಮೊದಮೊದಲು “ಈಚೆಗೆ ಏನೂ ಒಗ್ಗುತ್ತಿಲ್ಲ” ಎಂಬಷ್ಟರಲ್ಲೇ ಮಾತನಾಡುತ್ತದೆ. ಅಂಥವರಿಗೆ ಚೂರ್ಣ ಕೊಟ್ಟು ತಿಂಗಳು ಕಳೆಯುವ ವೈದ್ಯರು ಯಾವ ಪದ್ಧತಿಯವರಾದರೂ ಸರಿಯಲ್ಲ.

ಹೋಗುವಾಗ ನೀವು ಸೇವಿಸುತ್ತಿರುವ ಎಲ್ಲ ಮಾತ್ರೆ, ಚೂರ್ಣ, ಲೇಹ್ಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಒಯ್ಯಿರಿ. ಬಿಟ್ಟಿರುವ ಆಹಾರಗಳ ಪಟ್ಟಿಯನ್ನೂ, ಪ್ರತಿಯೊಂದನ್ನು ಯಾವ ವರ್ಷ ಬಿಟ್ಟಿರೆಂಬುದನ್ನೂ ಬರೆದುಕೊಂಡು ಹೋಗಿರಿ.